ಹದಿನಾರು ಪುಟದ ಮೆನು, ಆರಿದ ನೀರ್ ದೋಸೆ

ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಹೊಳೆ ದಾಟಿ ಬೇಕಲದ ಕಡೆ ಹೋಗುವ ದಾರಿಯಲ್ಲಿ ಎದ್ದಿರುವ ದುಬಾರಿ ರೆಸ್ಟೋರೆಂಟುಗಳಲ್ಲಿ ಇದೂ ಒಂದು. ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಹೆಸರಿನ ಸುತ್ತಲೇ ಸುತ್ತಿ ಅಡುಗೆ ಮೂಲೆಗೆ ಬೀಳುತ್ತದೆ. ಜಾಗ ಚೆನ್ನಾಗಿದೆ: ವಿಶಾಲ ಪಾರ್ಕಿಂಗ್, ಎತ್ತರದ ಹಂಚಿನ ಮಾಡು, ಮೇಜುಗಳ ನಡುವೆ ಧಾರಾಳ ಅಂತರ, ಚೊಕ್ಕ ಶೌಚಾಲಯ, ಮಕ್ಕಳಿಗೆ ಎತ್ತರದ ಕುರ್ಚಿ. ಇಬ್ಬರು ಮೀನು ತೆಗೆದುಕೊಂಡು ಹೊಟ್ಟೆ ತುಂಬ ಉಂಡರೆ ಸಾವಿರದ ಐನೂರು ದಾಟುತ್ತದೆ. ಪೇಟೆಯ ಮಾಮೂಲಿ ಹೋಟೆಲಿನಲ್ಲಿ ಅದೇ ಊಟ ಇದರ ಮೂರನೇ ಒಂದು ಪಾಲಿಗೆ ಸಿಗುತ್ತದೆ. ಹೆಚ್ಚಿಗೆ ಕೊಟ್ಟ ಹಣ ಎಲ್ಲಿಗೆ ಹೋಯಿತು ಎಂದು ತಟ್ಟೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಮಾಡಿನಲ್ಲಿ ಸಿಗುತ್ತದೆ.

ತೊಂದರೆ ಮೆನುವಿನಿಂದಲೇ ಶುರು. ಹದಿನಾರು ಪುಟ. ಮಂಗಳೂರು, ಮಲಬಾರ್, ಅರೇಬಿಯನ್, ಚೈನೀಸ್, ಉತ್ತರ ಭಾರತ, ಕೊನೆಗೆ ಪಾಸ್ತಾ ಕೂಡ. ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಅಚ್ಚಾಗಿದೆ. ಕನ್ನಡ ಒಂದಕ್ಷರವೂ ಇಲ್ಲ, ಆದರೆ ಕೋರಿ ರೊಟ್ಟಿ, ನೀರ್ ದೋಸೆ, ಪುಳಿಮುಂಚಿಗಳಿಗೆ ಒಂದಿಡೀ ಪುಟ ಮೀಸಲು. ಇರಲಿ. ಇಷ್ಟೊಂದು ಬಗೆ ಬರೆದ ಅಡುಗೆಮನೆ ಒಂದೊಂದನ್ನೂ ಆರ್ಡರ್ ಬಂದ ಮೇಲೆ ಮಾಡುವುದು ಸಾಧ್ಯವೇ ಇಲ್ಲ. ಬೆಳಿಗ್ಗೆಯೇ ಈರುಳ್ಳಿ-ಟೊಮೆಟೊ ಹುರಿದ ಒಂದು ಮೂಲ ಗ್ರೇವಿ, ಗೋಡಂಬಿಯ ಒಂದು ಬಿಳಿ ಗ್ರೇವಿ, ಬೇಯಿಸಿಟ್ಟ ಕೋಳಿ, ಮಸಾಲೆ ಬಳಿದಿಟ್ಟ ಮೀನು, ಅರೆಬೆಂದ ಅಕ್ಕಿ ಇವೆಲ್ಲ ಫ್ರಿಜ್ಜಿಗೆ ಹೋಗುತ್ತವೆ. ಆರ್ಡರ್ ಬಂದಾಗ ನಡೆಯುವುದು ಜೋಡಣೆ ಮಾತ್ರ. ದೊಡ್ಡ ಅಡುಗೆಮನೆಗಳೆಲ್ಲ ನಡೆಯುವುದೇ ಹೀಗೆ, ಅದರಲ್ಲಿ ಮೋಸವೇನೂ ಇಲ್ಲ. ಆದರೆ ಕೆಲವು ಅಡುಗೆ ಮಾಡಿಟ್ಟರೆ ತಾಳುತ್ತದೆ, ಕೆಲವು ಹತ್ತು ನಿಮಿಷಕ್ಕೇ ಸಾಯುತ್ತದೆ. ಇಲ್ಲಿಯವರು ಎರಡನ್ನೂ ಒಂದೇ ಥರ ನಡೆಸಿಕೊಳ್ಳುತ್ತಾರೆ. ಕರಾವಳಿಯ ಅಡುಗೆಯಲ್ಲಿ ಹತ್ತು ನಿಮಿಷದವುಗಳೇ ಜಾಸ್ತಿ.

ನೀರ್ ದೋಸೆಯನ್ನೇ ನೋಡಿ. ಬೆಳ್ತಿಗೆ ಅಕ್ಕಿ ನಾಲ್ಕೈದು ಗಂಟೆ ನೆನೆಯಬೇಕು, ಎರಡು ಪಾವು ಅಕ್ಕಿಗೆ ಅರ್ಧ ಪಾವಿನಷ್ಟು ತೆಂಗಿನತುರಿ, ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಮಜ್ಜಿಗೆಯಷ್ಟು ತೆಳುವಾಗುವವರೆಗೆ ನೀರು. ಹುಳಿ ಬರಿಸುವ ಕೆಲಸವಿಲ್ಲ. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಬಿದ್ದ ಕೂಡಲೇ ತೂತು ಬೀಳಬೇಕು. ಸೌಟಿನಿಂದ ಹರಡಿದರೆ ಕೆಟ್ಟಿತು. ಅಂಚಿನಿಂದ ಹೊಯ್ದುಕೊಂಡು ನಡುವಿಗೆ ಬರಬೇಕು. ಮುಚ್ಚಿ ಒಂದು ನಿಮಿಷ, ಮಗುಚುವುದಿಲ್ಲ, ಮಡಚಿ ತಟ್ಟೆಗೆ. ಪ್ರತಿ ಸಲ ಹೊಯ್ಯುವ ಮೊದಲು ಹಿಟ್ಟನ್ನು ತಳದಿಂದ ಕಲಕಬೇಕು, ಇಲ್ಲವಾದರೆ ಅಕ್ಕಿ ಅಡಿಯಲ್ಲಿ ಕೂತು ಮೊದಲ ದೋಸೆ ಕಾಗದವಾಗಿ ಕೊನೆಯದು ಕಂಬಳಿಯಾಗುತ್ತದೆ.

ಇದು ಎಷ್ಟು ಸುಲಭವೋ ಅಷ್ಟೇ ಹಟಮಾರಿ. ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸಿದರೆ ಹಬೆ ನೀರಾಗಿ ದೋಸೆಗಳು ಅಂಟಿಕೊಳ್ಳುತ್ತವೆ. ಆರಲು ಬಿಟ್ಟರೆ ಅಕ್ಕಿಯ ಪಿಷ್ಟ ಗಟ್ಟಿಯಾಗಿ ಅಂಚು ಸೆಟೆಯುತ್ತದೆ. ಮತ್ತೆ ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಮೂರು ನಿಮಿಷ ಮೆತ್ತಗಿದ್ದು ಆಮೇಲೆ ಮೊದಲಿಗಿಂತಲೂ ಬಿಗಿಯುತ್ತದೆ. ಈ ರೆಸ್ಟೋರೆಂಟಿನ ದೋಸೆಗೆ ಮೂರೂ ಲಕ್ಷಣಗಳಿದ್ದವು. ನಾಲ್ಕು ದೋಸೆಗಳು ತ್ರಿಕೋನವಾಗಿ ಅಚ್ಚುಕಟ್ಟಾಗಿ ಬಂದವು. ಬಿಡಿಸಲು ಹೋದರೆ ಎರಡು ಪದರ ಒಟ್ಟಿಗೇ ಎದ್ದವು, ನಡುವೆ ತೇವ, ತುದಿಯಲ್ಲಿ ರಬ್ಬರು. ಬೆರಳಿನಿಂದ ಎಳೆದಾಗ ಹರಿಯದೆ ಹಿಗ್ಗಿತು. ಅಕ್ಕಿ ಮತ್ತು ತೆಂಗಿನಕಾಯಿ ಮಾತ್ರ ಇರುವ ದೋಸೆ ಹೀಗೆ ಹಿಗ್ಗುವುದಿಲ್ಲ. ಮಡಚುವಾಗ ಹರಿಯದಿರಲೆಂದು ಮೈದಾ ಬೆರೆಸಿದಾಗ ಈ ಎಳೆತ ಬರುತ್ತದೆ. ನಾಲ್ಕು ದೋಸೆಗೆ ಇಟ್ಟ ಬೆಲೆಗೆ ಮನೆಯಲ್ಲಿ ಒಂದು ಕುಟುಂಬ ಎರಡು ದಿನ ನೀರ್ ದೋಸೆ ತಿನ್ನಬಹುದು.

ಜತೆಗೆ ಕೊಟ್ಟ ಕೋಳಿ ಗಸಿಯ ಮೇಲ್ಮೈಯಲ್ಲಿ ಎಣ್ಣೆಯ ಸಣ್ಣ ಸಣ್ಣ ವೃತ್ತ, ಅಡಿಯಲ್ಲಿ ರವೆರವೆ. ಕಾಯಿಹಾಲನ್ನು ಕೊನೆಗೆ ಹಾಕಿ ಒಂದು ಕುದಿ ಬರುವ ಮುಂಚೆ ಒಲೆ ಆರಿಸಿದ ಗಸಿಯನ್ನು ಮತ್ತೆ ಭರ್ರನೆ ಕುದಿಸಿದರೆ ಹಾಲು ಒಡೆದು ಹೀಗಾಗುತ್ತದೆ. ಕೋಳಿಯನ್ನು ಬೇರೆ ಬೇಯಿಸಿ ಮಸಾಲೆಯನ್ನು ಮೇಲೆ ಹೊಯ್ದದ್ದೂ ಗೊತ್ತಾಗುತ್ತಿತ್ತು: ತುಂಡು ಮುರಿದರೆ ಮೂಳೆಯ ಸುತ್ತ ಬೆಳ್ಳಗೆ, ಉಪ್ಪೂ ಇಲ್ಲ ಖಾರವೂ ಇಲ್ಲ. ಬಣ್ಣ ಮಾತ್ರ ಸೊಗಸು. ಕೋರಿ ರೊಟ್ಟಿ ತೆಗೆದುಕೊಳ್ಳುವವರಿಗೆ ಒಂದು ಮಾತು, ಗಸಿಯನ್ನು ಬೇರೆ ಬಟ್ಟಲಲ್ಲಿ ಕೊಡಿ ಎಂದು ಮೊದಲೇ ಹೇಳಿ. ಇಲ್ಲಿ ಅದನ್ನು ಒಳಗಿನಿಂದಲೇ ರೊಟ್ಟಿಯ ಮೇಲೆ ಸುರಿದು ಕೊತ್ತಂಬರಿ ಉದುರಿಸಿ ತರುತ್ತಾರೆ. ಅಡುಗೆಮನೆಯಿಂದ ಮೇಜಿಗೆ ಬರುವಷ್ಟರಲ್ಲಿ ಅರ್ಧ ಮುದ್ದೆ. ಮೊದಲ ತುತ್ತು ಗರಿಗರಿ, ಕೊನೆಯದು ಮೆತ್ತಗೆ ಅನ್ನುವ ಆ ನಡೆಯನ್ನು ತಿನ್ನುವವನ ಕೈಗೇ ಬಿಡಬೇಕು.

ಮೀನಿನ ವಿಷಯಕ್ಕೆ ಬರೋಣ. ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ (ಯಂತ್ರದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ 52 ದಿನ, ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ. ಕರ್ನಾಟಕದ ಕಡೆ 61 ದಿನ, ಜೂನ್ ಒಂದರಿಂದಲೇ. ಆ ವಾರಗಳಲ್ಲಿ ಸಾಂಪ್ರದಾಯಿಕ ದೋಣಿಗಳು ತಂದ ಮೀನು ಸ್ವಲ್ಪ ಸಿಗುತ್ತದೆ, ಮಿಕ್ಕದ್ದು ಪೂರ್ವ ಕರಾವಳಿಯ ಮಂಜುಗಡ್ಡೆಯ ಮೀನು ಅಥವಾ ಮೊದಲೇ ಶೈತ್ಯಾಗಾರದಲ್ಲಿಟ್ಟದ್ದು. ಮೆನುವಿನಲ್ಲಿ ಮಾತ್ರ ವರ್ಷವಿಡೀ ‘ಇಂದಿನ ಮೀನು’. ಇದನ್ನು ಪರೀಕ್ಷಿಸುವ ದಾರಿ ಸರಳ. ಹಸಿ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಲು ಹೇಳಿ. ಕಿವಿರು ಕೆಂಪಗಿರಬೇಕು, ಕಂದು ತಿರುಗಿದ್ದರೆ ಹಳತು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಬೇಕು. ತೋರಿಸಿ ಎಂದರೆ ‘ಮಸಾಲೆ ಹಾಕಿ ಆಗಿದೆ ಸರ್’ ಎಂಬ ಉತ್ತರ ಬರುತ್ತದೆ. ಆ ಉತ್ತರವೇ ಸಾಕು.

ರವಾ ಫ್ರೈ ಮೇಲೆ ನನಗೆ ಯಾವತ್ತೂ ಗುಮಾನಿ. ರವೆಯ ಕವಚ ಹೊರಗೆ ಗರಿಗರಿಯಾಗುತ್ತದೆ, ಒಳಗಿನ ಮೀನಿನ ಸ್ಥಿತಿ ಮುಚ್ಚಿಹೋಗುತ್ತದೆ. ಒಳ್ಳೆಯ ಕಾಣೆ ಮೀನಿಗೆ ಮೆಣಸಿನ ಮಸಾಲೆ, ಕಾವಲಿ, ಕೊಬ್ಬರಿ ಎಣ್ಣೆ ಸಾಕು. ಬೆನ್ನಿನ ಮುಳ್ಳಿನಿಂದ ಮಾಂಸ ದಳದಳವಾಗಿ ಬಿಡಿಸಿಕೊಂಡು ಬರುತ್ತದೆ. ಇಲ್ಲಿನ ಕಾಣೆ ಮುಳ್ಳಿನ ಜತೆಯಲ್ಲೇ ಹಿಟ್ಟಿನಂತೆ ಕಲಸಿಕೊಂಡಿತ್ತು. ಹಳೆಯ ಮೀನಿಗೂ ಹೀಗಾಗುತ್ತದೆ, ಸರಿಯಾಗಿ ಹೆಪ್ಪುಗಟ್ಟಿಸದೆ ಎರಡೆರಡು ಸಲ ಕರಗಿಸಿದ ಮೀನಿಗೂ ಹೀಗಾಗುತ್ತದೆ. ಉಪ್ಪು-ಹುಳಿ ಹಚ್ಚಿ ಬೆಳಿಗ್ಗೆಯಿಂದ ಇಟ್ಟರೂ ಮೀನು ನೀರು ಬಿಟ್ಟು ಸಡಿಲವಾಗುತ್ತದೆ. ಅರ್ಧ ಗಂಟೆಯ ಮಸಾಲೆ ಧಾರಾಳವಾಯಿತು.

ಬಂಗುಡೆ ತಿನ್ನುವವರು ಇನ್ನೊಂದು ಗಮನಿಸಬೇಕು. ಬಂಗುಡೆ, ಬೂತಾಯಿ, ಕೇದಾರ (ಟ್ಯೂನಾ) ಇಂಥ ಮೀನುಗಳನ್ನು ಹಿಡಿದ ಮೇಲೆ ಮಂಜುಗಡ್ಡೆಯಿಲ್ಲದೆ ಬಿಟ್ಟರೆ ಹಿಸ್ಟಮೀನ್ ಎಂಬ ನಂಜಿನ ವಸ್ತು ಬೆಳೆಯುತ್ತದೆ. ಬೇಯಿಸಿದರೂ ಕರಿದರೂ ಅದು ಹೋಗುವುದಿಲ್ಲ. ಮೆಣಸಿನ ಖಾರಕ್ಕಿಂತ ಬೇರೆಯಾದ ಒಂದು ಜುಮುಜುಮು ನಾಲಗೆಗೆ ಬಂದರೆ, ಮುಖ ಕೆಂಪೇರಿ ತಲೆ ಸಿಡಿಯತೊಡಗಿದರೆ ತಟ್ಟೆ ಬದಿಗಿಡಿ. ಮಸಾಲೆ ಜಾಸ್ತಿಯಾಯಿತೆಂದು ಸುಮ್ಮನಾಗಬೇಡಿ. ಇಲ್ಲಿನ ಬಂಗುಡೆಯಲ್ಲಿ ಆ ದೋಷವಿರಲಿಲ್ಲ, ನ್ಯಾಯವಾಗಿ ಹೇಳಬೇಕು. ಕರಿದ ಎಣ್ಣೆಯೇ ಹಳತು. ಹಪ್ಪಳದಲ್ಲಿ ಮೀನಿನ ವಾಸನೆ ಬಂದರೆ ಬಾಣಲೆ ಒಂದೇ ಎಂದಾಯಿತು. ಎಣ್ಣೆ ಮತ್ತೆ ಮತ್ತೆ ಕಾದಾಗ ಅದರಲ್ಲಿ ಹೆಚ್ಚುವ ಒಟ್ಟು ಧ್ರುವೀಯ ಸಂಯುಕ್ತಗಳು 25 ಶೇಕಡಾ ದಾಟಿದರೆ ಬಳಸಬಾರದು ಎಂಬ ಆಹಾರ ಸುರಕ್ಷತೆಯ ನಿಯಮ 2018ರ ಜುಲೈಯಿಂದ ಇದೆ. ಅಳೆಯುವ ಉಪಕರಣ ಗಿರಾಕಿಯ ಜೇಬಿನಲ್ಲಿರುವುದಿಲ್ಲ, ಮೂಗು ಇರುತ್ತದೆ.

‘ಗಾತ್ರಕ್ಕೆ ತಕ್ಕ ಬೆಲೆ’ ಎಂದು ಬರೆದ ಇಡೀ ಮಾಂಜಿ (ಪಾಂಫ್ರೆಟ್) ಮೀನನ್ನು ಕೇಳುವ ಮುಂಚೆ ತೂಕ, ದರ, ತೂಕ ಹಾಕಿದ್ದು ಕರುಳು ತೆಗೆಯುವ ಮೊದಲೋ ಆಮೇಲೋ, ಈ ಮೂರನ್ನೂ ಕೇಳಿಯೇ ಕೇಳಿ. ಸಪ್ಲಾಯರ್ ‘ಮೀಡಿಯಂ ಸೈಜ್’ ಎಂದಷ್ಟೇ ಹೇಳಿ ಒಳಗೆ ಹೋಗುತ್ತಾನೆ, ಬಿಲ್ಲಿನಲ್ಲಿ ಅದು ಲಾರ್ಜ್ ಆಗಿ ಹೊರಬರುತ್ತದೆ.

ಎಲ್ಲಕ್ಕಿಂತ ಬೇಸರ ತರಿಸಿದ್ದು ಹೂರಣ ತುಂಬಿದ ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನು. ಇದೇ ಜಿಲ್ಲೆಯ ಪಡನ್ನದ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುತ್ತಾರೆ. ಮಳೆಗಾಲಕ್ಕೆ ಮುಂಚೆ ಕೊಯ್ಲು. ಮನೆಬಾಗಿಲಿನ ಮಾಲು. ಕುಚ್ಚಿಲಕ್ಕಿ ನೆನೆಸಿ ತೆಂಗಿನಕಾಯಿ, ಸಣ್ಣ ಈರುಳ್ಳಿ, ಬಡೆಸೊಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿ, ಬಾಯಿ ಬಿಡಿಸಿದ ಚಿಪ್ಪಿನೊಳಗೆ ತುಂಬಿ, ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಚಿಪ್ಪು ಕಳಚಿ, ಮೆಣಸಿನ ಮಸಾಲೆಯಲ್ಲಿ ಅದ್ದಿ ಕರಿಯಬೇಕು. ಹಬೆಯ ತನಕದ ಕೆಲಸವನ್ನು ಮೊದಲೇ ಮಾಡಿಡಬಹುದು, ಮನೆಗಳಲ್ಲೂ ಹಾಗೇ ಮಾಡುತ್ತಾರೆ. ಆದರೆ ಫ್ರಿಜ್ಜಿನಿಂದ ತೆಗೆದು ಸೀದಾ ಎಣ್ಣೆಗೆ ಹಾಕಬಾರದು. ಮತ್ತೆ ಹಬೆ ತೋರಿಸಿ ಅಕ್ಕಿಯ ಭಾಗ ಮೆತ್ತಗಾದ ಮೇಲೆ ಕರಿಯಬೇಕು. ಆ ಐದು ನಿಮಿಷ ಉಳಿಸಿದ್ದರಿಂದ ಇಲ್ಲಿ ಹೊರಗೆ ಕಪ್ಪು, ನಡುವೆ ತಣ್ಣಗೆ, ಅಕ್ಕಿಯೋ ಅಳಿಸುವ ರಬ್ಬರಿನ ತುಂಡು. ಒಂದನ್ನು ಚಾಕುವಿನಿಂದ ಅಡ್ಡ ಕತ್ತರಿಸಿದಾಗ ಮಸಾಲೆಯ ಕೆಂಪು ಕೂದಲೆಳೆಯಷ್ಟೂ ಒಳಗಿಳಿದಿರಲಿಲ್ಲ. ಕಲ್ಲುಮ್ಮಕಾಯಿಯ ನಾರನ್ನೂ ತೆಗೆದಿರಲಿಲ್ಲ, ಹಲ್ಲಿಗೆ ಸಿಕ್ಕಿತು.

ಘೀ ರೋಸ್ಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕುಂದಾಪುರದ ಆ ಪದಾರ್ಥಕ್ಕೆ ಬ್ಯಾಡಗಿ ಮೆಣಸು, ಹುಣಸೆ, ಮೊಸರು, ಬೆಳ್ಳುಳ್ಳಿ, ತುಪ್ಪ; ಈರುಳ್ಳಿ-ಟೊಮೆಟೊ ಗ್ರೇವಿಗೆ ಅಲ್ಲೇನೂ ಕೆಲಸವಿಲ್ಲ. ಮಸಾಲೆಯನ್ನು ತಟ್ಟೆಯ ಅಂಚಿಗೆ ಸವರಿ ನೋಡಿ. ತುಪ್ಪ ಜಿನುಗಿದರೆ ಸರಿ, ನೀರಿನ ಉಂಗುರ ಕಟ್ಟಿದರೆ ಮೂಲ ಗ್ರೇವಿ ಸೇರಿದೆ. ಇಲ್ಲಿ ನೀರು. ಸಿಹಿಯೂ ಬೆಲ್ಲದ್ದಲ್ಲ, ಸಾಸಿನದು.

ಬಿರಿಯಾನಿಯಲ್ಲಿ ಅಕ್ಕಿ ಒಳ್ಳೆಯದು, ಸಣ್ಣ ಕೈಮ ಅಕ್ಕಿಯೇ ಬಳಸಿದ್ದಾರೆ, ಉದುರುದುರಾಗಿತ್ತು. ಆದರೆ ಕೋಳಿ, ಆಡು, ಮೀನು ಮೂರಕ್ಕೂ ಒಂದೇ ಅನ್ನ. ಮಸಾಲೆಯನ್ನು ಅಡಿಗೆ ಹಾಕಿ ಅನ್ನವನ್ನು ಮೇಲೆ ಗುಮ್ಮಟ ಮಾಡಿದ್ದಾರೆ. ದಮ್ ಕಟ್ಟಿದ ಬಿರಿಯಾನಿಯಲ್ಲಿ ಮಸಾಲೆಗೆ ತಾಗಿದ ಅನ್ನ ಬಣ್ಣವೂ ರಸವೂ ಹೀರಿಕೊಂಡಿರುತ್ತದೆ. ಇಲ್ಲಿ ಗೆರೆ ಎಳೆದಂತೆ ಮೇಲೆ ಬಿಳಿ, ಕೆಳಗೆ ಕಂದು.

ಅಲ್‌ಫಹಮ್ ಈ ಕಡೆಯ ಯುವಕರ ಮುಖ್ಯ ಆರ್ಡರ್, ಅದಕ್ಕಾಗಿ ಅದರ ಬಗ್ಗೆ ಸ್ವಲ್ಪ ವಿವರ ಬೇಕು. ಹಸಿ ಕೋಳಿಯನ್ನು ಕೆಂಡದ ಮೇಲೆ ನಿಧಾನವಾಗಿ ಸುಡಲು ಅರ್ಧ ಗಂಟೆಗೆ ಕಡಿಮೆಯಿಲ್ಲದಷ್ಟು ಹೊತ್ತು ಬೇಕು. ಹನ್ನೆರಡು ನಿಮಿಷದಲ್ಲಿ ಮೇಜಿಗೆ ಬಂದರೆ ಮೊದಲೇ ಬೇಯಿಸಿಟ್ಟದ್ದನ್ನು ಬಣ್ಣಕ್ಕಾಗಿ ಮಾತ್ರ ಕೆಂಡಕ್ಕೆ ತೋರಿಸಿದ್ದಾರೆ ಎಂದರ್ಥ: ಚರ್ಮ ಕಪ್ಪು, ಒಳಗೆ ಬೂದು, ನಾರುನಾರು, ಹೊಗೆಯ ಘಮ ಒಂದು ಪದರದಷ್ಟೇ. ಇದು ರುಚಿಯ ದೋಷ. ಇದಕ್ಕೆ ತಿರುಗುಮುರುಗಾದದ್ದು ಆರೋಗ್ಯದ ದೋಷ. ಹಸಿಯದನ್ನು ಅವಸರದಲ್ಲಿ ಸುಟ್ಟಾಗ ತೊಡೆಯ ಸಂದಿಯಲ್ಲಿ ರಕ್ತದ ಬಣ್ಣ ಉಳಿಯುತ್ತದೆ. ದಪ್ಪ ಭಾಗದ ಒಳಗೆ 75 ಡಿಗ್ರಿ ಬಿಸಿ ಮುಟ್ಟಿರಬೇಕು. ಸಂಶಯ ಬಂದರೆ ಸಂದಿ ಮುರಿದು ನೋಡಿ, ಹಿಂದಕ್ಕೆ ಕಳಿಸಿ. ಸಂಕೋಚ ಬೇಡ. 2022ರ ಮೇ ಒಂದರಂದು ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹದಿನಾರರ ವಿದ್ಯಾರ್ಥಿನಿ ತೀರಿಕೊಂಡದ್ದನ್ನು, ಹತ್ತಾರು ಮಂದಿ ಆಸ್ಪತ್ರೆ ಸೇರಿದ್ದನ್ನು ಇಲ್ಲಿಯ ಹೋಟೆಲಿನವರಾದರೂ ಮರೆಯಬಾರದು.

ಇನ್ನು ಅಲ್‌ಫಹಮಿಗೆ ನಂಜಿಕೊಳ್ಳುವ ಮಯೋನೀಸ್. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯದನ್ನು ನಿಷೇಧಿಸಿತು. ಸಸ್ಯಾಹಾರಿ ಮಯೋನೀಸ್ ಅಥವಾ ಪಾಶ್ಚರೀಕರಿಸಿದ ಮೊಟ್ಟೆಯದು ಆಗಬಹುದು. ಇಲ್ಲಿ ಯಾವುದು ಎಂದು ಕೇಳಿದ್ದಕ್ಕೆ ಸಪ್ಲಾಯರಿಗೂ ಗೊತ್ತಿಲ್ಲ, ಅವನು ಕರೆದ ಮ್ಯಾನೇಜರಿಗೂ ಗೊತ್ತಿಲ್ಲ. ಬಟ್ಟಲು ಮೇಜಿನ ಮೇಲೆ ಎಸಿಯ ತಂಪಿನಲ್ಲಿ ಮೊದಲೇ ಇಟ್ಟದ್ದು, ಮೇಲ್ಮೈ ಕೆನೆಗಟ್ಟಿತ್ತು. ಮುಟ್ಟಬೇಡಿ ಎಂದೇ ಹೇಳುತ್ತೇನೆ. ಪಾರ್ಸೆಲ್ ಕಟ್ಟಿಸಿದರೆ ಪೊಟ್ಟಣದ ಮೇಲೆ ತಯಾರಿಸಿದ ದಿನ, ಹೊತ್ತು, ಎಷ್ಟರೊಳಗೆ ತಿನ್ನಬೇಕು ಎಂಬ ಚೀಟಿ ಇರಬೇಕೆಂಬ ಆದೇಶವೂ ಅದೇ ತಿಂಗಳಿನದು. ಇಲ್ಲಿಯ ಪೊಟ್ಟಣದ ಮೇಲೆ ಅವರ ಚಿನ್ನದ ಬಣ್ಣದ ಲಾಂಛನ ಬಿಟ್ಟರೆ ಏನೂ ಇಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿ ಪನೀರೇ ಗತಿ. ಕಾಸರಗೋಡಿನಲ್ಲಿ ಕೂತು ಒಂದು ತಂಬುಳಿ, ಒಂದು ಮಜ್ಜಿಗೆಹುಳಿ, ಒಂದು ಪತ್ರೊಡೆ ಇಲ್ಲದ ಮೆನು ಬರೆಯಲು ಧೈರ್ಯ ಬೇಕು. ಪುನರ್ಪುಳಿ ಶರಬತ್ತು ಇದೆ, ಬಾಟಲಿಯ ಸಿರಪ್ಪಿನದು.

ಬಡಿಸುವ ಹುಡುಗರ ಮೇಲೆ ದೂರಿಲ್ಲ. ವಿನಯವಂತರು, ಹೆಚ್ಚಿನವರು ದೂರದ ರಾಜ್ಯಗಳವರು, ತಟ್ಟೆಯಲ್ಲಿರುವುದು ಏನೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಹೇಳಿಕೊಡದವರದು. ಸ್ಟಾರ್ಟರ್, ದೋಸೆ, ಬಿರಿಯಾನಿ ಎಲ್ಲವೂ ಒಂದೇ ಸಲಕ್ಕೆ ಬಂದು ಮೇಜು ತುಂಬುತ್ತದೆ. ಒಂದನ್ನು ತಿನ್ನುವಷ್ಟರಲ್ಲಿ ಇನ್ನೊಂದು ಆರುತ್ತದೆ. ಹಾಗಾಗದಿರಲು ಒಂದೊಂದಾಗಿ ಆರ್ಡರ್ ಕೊಡುವುದೇ ಉಪಾಯ. ಕೂತ ಕೂಡಲೇ ಕೇಳದೆ ಬಾಟಲಿ ನೀರಿನ ಮುಚ್ಚಳ ತಿರುಗಿಸುತ್ತಾರೆ. ಪೇಟೆಯ ಯಾವ ಸಾಧಾರಣ ಹೋಟೆಲಿನಲ್ಲೂ ಪದಿಮುಗ ಮರದ ಚಕ್ಕೆ ಹಾಕಿ ಕಾಯಿಸಿದ ಕೆಂಪು ಬಣ್ಣದ ನೀರು ಪುಕ್ಕಟೆ ಸಿಗುತ್ತದೆ; ಇಲ್ಲಿ ಎರಡು ಸಲ ಕೇಳಿದ ಮೇಲೆ ಬಂತು. ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದರೆಂದು ಜಗಳಕ್ಕೆ ಹೋಗಬೇಡಿ, ಹೋಟೆಲಿನವರು ಹಾಗೆ ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲೇ ಹೇಳಿದೆ. ಬೇಡವಾದರೆ ಮುಚ್ಚಳ ತೆರೆಯುವ ಮುಂಚೆ ಹೇಳಬೇಕು, ಅಷ್ಟೆ.

ಜಗಳಕ್ಕೆ ಹೋಗಬೇಕಾದದ್ದು ಸೇವಾ ಶುಲ್ಕಕ್ಕೆ. ಬಿಲ್ಲಿನಲ್ಲಿ 10 ಶೇಕಡಾ ತಾನಾಗಿ ಸೇರಿರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಇದನ್ನು ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ಹಾಕುವಂತಿಲ್ಲ, ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೆಕ್ಕ ಹೀಗೆ: ಊಟ ₹1,000, ಸೇವಾ ಶುಲ್ಕ ₹100, ಅದರ ಮೇಲೂ ಸೇರಿಸಿ 5 ಶೇಕಡಾ ಜಿಎಸ್‌ಟಿ ₹55, ಒಟ್ಟು ₹1,155. ಶುಲ್ಕ ತೆಗೆಸಿದರೆ ₹1,050. ಉಳಿಯುವುದು ನೂರಲ್ಲ, ನೂರೈದು. ಗಲ್ಲಾದಲ್ಲಿ ಮೆಲ್ಲಗೆ ‘ಸರ್ವಿಸ್ ಚಾರ್ಜ್ ತೆಗೆಯಿರಿ’ ಎಂದರೆ ತೆಗೆಯುತ್ತಾರೆ, ಹೊಸ ಬಿಲ್ ಸಿದ್ಧವಾಗಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆ ಚುರುಕು ಅಡುಗೆಮನೆಗೂ ಬಂದಿದ್ದರೆ ಚೆನ್ನಾಗಿತ್ತು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲಿನಲ್ಲಿ ಕೇರಳದ ಸಂಕೇತವಾದ 32ರಿಂದ ಶುರುವಾಗುವ ಜಿಎಸ್‌ಟಿ ನಂಬರು ಮತ್ತು 14 ಅಂಕಿಯ ಆಹಾರ ಪರವಾನಗಿ ನಂಬರು ಎರಡೂ ಇವೆಯೇ ಎಂದು ಕಣ್ಣಾಡಿಸಿ. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ತೆರಿಗೆ ಯೋಜನೆಯಲ್ಲಿರುವ ಹೋಟೆಲಾದರೆ ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ.

ಹೋಗಲೇಬೇಕಾಗಿ ಬಂದರೆ, ಮನೆಗೆ ಬಂದ ಗಲ್ಫ್ ನೆಂಟರಿಗೆ ಇಂಥಲ್ಲೇ ಊಟ ಆಗಬೇಕಿರುತ್ತದಲ್ಲ, ಕಾಯುವಿಕೆಯನ್ನು ತಾಳುವ ಅಡುಗೆಯನ್ನೇ ಆರಿಸಿಕೊಳ್ಳಿ. ಬೂತಾಯಿ ಪುಳಿಮುಂಚಿ ಇಲ್ಲಿ ನಿಜಕ್ಕೂ ಚೆನ್ನಾಗಿದೆ. ಅದರಲ್ಲಿ ಒಡೆಯಲು ಕಾಯಿಹಾಲಿಲ್ಲ, ಹುಣಸೆ ಮತ್ತು ಮೆಣಸು ಹೊತ್ತು ಕಳೆದಷ್ಟೂ ಮೀನಿಗೆ ಇಳಿಯುತ್ತವೆ, ನಿನ್ನೆಯದಾದರೆ ಇನ್ನೂ ವಾಸಿ. ಆದರೆ ಚಟ್ಟಿಯ ಕುದಿತ ನೋಡಿ ಮರುಳಾಗಬೇಡಿ. ಖಾಲಿ ಚಟ್ಟಿಯನ್ನು ಒಲೆಯ ಮೇಲೆ ಕಾಯಿಸಿ ಸಾರು ಹೊಯ್ದರೆ ಅಂಚಿನಲ್ಲಿ ಗುಳುಗುಳು ಎನ್ನುತ್ತಿರುತ್ತದೆ, ನಡುವಿನ ಮೀನು ತಣ್ಣಗೇ ಇರುತ್ತದೆ. ಚಮಚವನ್ನು ಮೀನಿನ ಅಡಿಗೆ ತೂರಿಸಿ ಬಿಸಿ ನೋಡಿ, ಬಿಸಿಯಿಲ್ಲದಿದ್ದರೆ ವಾಪಸು ಕಳಿಸಿ. ಜತೆಗೆ ಕುಚ್ಚಿಲು ಅನ್ನ ಹೇಳಿ. ಇಲ್ಲಿ ಅದು ಸರಿಯಾಗಿ ಬೆಂದಿರುತ್ತದೆ. ಪರೋಟ ಆರ್ಡರ್ ಬಂದ ಮೇಲೆಯೇ ಬೇಯಿಸುತ್ತಾರೆ, ಅದೂ ಆಗಬಹುದು. ನೀರ್ ದೋಸೆ ಬೇಕೇ ಬೇಕೆಂದರೆ ಮಧ್ಯಾಹ್ನ ಹನ್ನೆರಡೂವರೆಗೆ ಮೊದಲು ಹೋಗಿ ಎರಡೆರಡಾಗಿ ಹೇಳಿ. ಶುಕ್ರವಾರ ಜುಮಾ ಬಿಟ್ಟ ಹೊತ್ತು ಮತ್ತು ಭಾನುವಾರ ರಾತ್ರಿ ಬೇಡವೇ ಬೇಡ. ಸಿಹಿಯಲ್ಲಿ ಎಳನೀರಿನ ಪುಡ್ಡಿಂಗ್ ಒಳ್ಳೆಯದಿದೆ, ಹಾಲು ಕಡಿಮೆ, ಬೊಂಡದ ತಿರುಳು ಜಾಸ್ತಿ. ತಣ್ಣಗೇ ಕೊಡುವ ಪದಾರ್ಥವಾದ್ದರಿಂದ ಅದನ್ನು ಕೆಡಿಸುವ ಅವಕಾಶ ಅವರಿಗೆ ಸಿಕ್ಕಿಲ್ಲ.